ಕೊಲೆಸ್ಟ್ರಾಲ್ 96ಕ್ಕೆ ಇಳಿದಿದೆ, ತುಪ್ಪ ಬಡಿಸಲೇ?

ಪ್ರಶ್ನೆ: ಡಾಕ್ಟ್ರೇ, ನಾವು ಡೊಂಬಿವಲಿ ಪೂರ್ವದಲ್ಲಿದ್ದೇವೆ. ನಮ್ಮವರಿಗೆ 49 ವರ್ಷ, ಠಾಣೆಯಲ್ಲಿ ಒಂದು ಕ್ಯಾಂಟೀನ್ ನಡೆಸುತ್ತಾರೆ. 124 ಕಿಲೋ ಇದ್ದರು, ಜೊತೆಗೆ ಸಕ್ಕರೆ ಕಾಯಿಲೆ. ಹದಿನಾರು ತಿಂಗಳ ಹಿಂದೆ ತೂಕ ಇಳಿಸುವ ಆಪರೇಷನ್ ಮಾಡಿಸಿದೆವು, ಮಿನಿ ಬೈಪಾಸ್ ಅನ್ನುತ್ತಾರಲ್ಲ, ಅದು. ಈಗ 81 ಕಿಲೋ. ಸಕ್ಕರೆ ಮಾತ್ರೆ ನಿಂತಿದೆ. ಆದರೆ ಕಳೆದ ವಾರದ ರಕ್ತಪರೀಕ್ಷೆಯಲ್ಲಿ ಒಟ್ಟು ಕೊಲೆಸ್ಟ್ರಾಲ್ 96, ಕೆಟ್ಟದ್ದು ಎನ್ನುವ ಎಲ್‌ಡಿಎಲ್ 41, ಒಳ್ಳೆಯದು ಎನ್ನುವ ಎಚ್‌ಡಿಎಲ್ 38, ರಕ್ತದ ಕೊಬ್ಬು ಟ್ರೈಗ್ಲಿಸರೈಡ್ 85 ಬಂದಿದೆ. 96ರ ಪಕ್ಕದಲ್ಲಿ 'ಕಡಿಮೆ' ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಅವರ ಜೊತೆ ಲೋಕಲ್‌ನಲ್ಲಿ ಹೋಗುವವರೊಬ್ಬರು, ಇಷ್ಟು ಇಳಿದರೆ ಮೆದುಳು ಒಣಗಿ ಮರೆವು ಬರುತ್ತದೆ ಎಂದು ಹೆದರಿಸಿದ್ದಾರೆ. ಅತ್ತೆ ಕುಂದಾಪುರದಿಂದ ಎರಡು ಕಿಲೋ ತುಪ್ಪ ಕಳಿಸಿದ್ದಾರೆ. ದಿನಾ ಗಂಜಿಗೆ ಮೂರು ಚಮಚ ಹಾಕಿ ಕೊಡುತ್ತಿದ್ದೇನೆ. ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಕೊಲೆಸ್ಟ್ರಾಲ್ ಮಾತ್ರೆ ಅಟೊರ್ವಾಸ್ಟಾಟಿನ್ 20 ಈಗಲೂ ರಾತ್ರಿ ನುಂಗುತ್ತಾರೆ. ನಿಲ್ಲಿಸಬಹುದೇ? ಇನ್ನೊಂದು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲವೇನೋ. ವಿಟಮಿನ್ ಮಾತ್ರೆಗಳನ್ನು ಆರು ತಿಂಗಳಿಂದ ಬಿಟ್ಟಿದ್ದಾರೆ, 'ಆರಾಮ ಇದ್ದೇನಲ್ಲ' ಅಂತ. ಸಂಡಾಸಿಗೆ ಹೋಗಿ ಬಂದರೆ ಎರಡು ಮೂರು ಸಲ ಫ್ಲಶ್ ಮಾಡಬೇಕಾಗುತ್ತದೆ, ಜಿಡ್ಡು ತೇಲುತ್ತದೆ. ಪಾದ ಜುಮ್ ಅನ್ನುತ್ತದೆ ಎನ್ನುತ್ತಾರೆ.
ಹೆಸರು ಬೇಡ, ಡೊಂಬಿವಲಿ

ಉತ್ತರ: ತಂಗೀ, 'ಸಂಬಂಧ ಇಲ್ಲವೇನೋ' ಎಂದು ಕೊನೆಗೆ ಸೇರಿಸಿದ್ದೀರಲ್ಲ, ಆ ನಾಲ್ಕು ಸಾಲು ಓದಿ ನನಗೆ ಗಾಬರಿಯಾಯಿತು. 96 ಎಂಬ ಅಂಕೆ ಓದಿದಾಗ ಅಷ್ಟು ಆಗಿರಲಿಲ್ಲ. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ನಿಮ್ಮ ಹೆದರಿಕೆಯನ್ನು ಇಳಿಸಬೇಕು, ಯಾಕೆಂದರೆ ಹೆದರಿಕೆಯಿಂದಲೇ ನೀವು ಗಂಜಿಗೆ ಮೂರು ಚಮಚ ತುಪ್ಪ ಹಾಕುತ್ತಿದ್ದೀರಿ.

ಒಟ್ಟು ಕೊಲೆಸ್ಟ್ರಾಲ್ 120ಕ್ಕಿಂತ, ಎಲ್‌ಡಿಎಲ್ 50ಕ್ಕಿಂತ ಕೆಳಗೆ ಬಂದರೆ ನಮ್ಮ ವೈದ್ಯಕೀಯ ಪುಸ್ತಕಗಳು 'ಕಡಿಮೆ' ಎನ್ನುತ್ತವೆ. ಆ ಲೆಕ್ಕಕ್ಕೆ ನಿಮ್ಮವರದು ಕಡಿಮೆಯೇ ಹೌದು. ಆದರೆ ಮೆದುಳು ತನಗೆ ಬೇಕಾದ ಕೊಲೆಸ್ಟ್ರಾಲನ್ನು ತಾನೇ ತಯಾರು ಮಾಡಿಕೊಳ್ಳುತ್ತದೆ, ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಅದರ ಒಳಗೆ ಹೋಗುವುದೇ ಇಲ್ಲ. ರಕ್ತದಲ್ಲಿ ಇಳಿಯಿತೆಂದು ಮೆದುಳು ಒಣಗುವುದಿಲ್ಲ. 2017ರಲ್ಲಿ ಪ್ರಕಟವಾದ ಫೋರಿಯರ್ ಅಧ್ಯಯನದಲ್ಲಿ 27,564 ಹೃದ್ರೋಗಿಗಳಿದ್ದರು. ಕೊಲೆಸ್ಟ್ರಾಲ್ ಇಳಿಸುವ ಇಂಜೆಕ್ಷನ್ ತೆಗೆದುಕೊಂಡ ಪಾಲಿನವರ ಎಲ್‌ಡಿಎಲ್ 92ರಿಂದ 30ಕ್ಕೆ ಇಳಿಯಿತು. ಅವರಲ್ಲಿ ಮರೆವು ಹೆಚ್ಚಲಿಲ್ಲ, ಹೃದಯಾಘಾತ ಕಡಿಮೆಯಾಯಿತು. ಹುಟ್ಟಿನಿಂದಲೇ ಎಲ್‌ಡಿಎಲ್ 14 ಇದ್ದ 32 ವರ್ಷದ ಹೆಂಗಸೊಬ್ಬರ ವಿಷಯವನ್ನು ಅಮೆರಿಕದ ಸಂಶೋಧಕರು 2006ರಲ್ಲಿ ಬರೆದರು. ಒಂದು ವಂಶವಾಹಿ ಕೆಲಸ ಮಾಡದೆ ಹಾಗಾಗಿತ್ತು. ಓದಿಕೊಂಡು, ಮಕ್ಕಳನ್ನು ಹೆತ್ತು, ಗಟ್ಟಿಮುಟ್ಟಾಗಿದ್ದವರು ಆಕೆ. ರೈಲಿನ ಆ ಗೆಳೆಯರಿಗೆ ಇದನ್ನು ಹೇಳಿ.

ಇನ್ನು ಆ 41. ಎಷ್ಟೋ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್‌ಅನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯುವುದು, ಟ್ರೈಗ್ಲಿಸರೈಡಿನ ಐದನೇ ಒಂದು ಪಾಲು ಕಳೆಯುವುದು. 1972ರಿಂದ ನಡೆದು ಬಂದ ಫ್ರೀಡ್‌ವಾಲ್ಡ್ ಸೂತ್ರ ಇದು. ನಿಮ್ಮ ಕಾಗದದ ಅಂಕೆಗಳನ್ನೇ ಹಾಕಿ ನೋಡಿ: 96ರಲ್ಲಿ 38 ಹೋಯಿತು, 17 ಹೋಯಿತು, ಉಳಿದದ್ದು 41. ಎಲ್‌ಡಿಎಲ್ ಹೀಗೆ ಕೆಳಗಿರುವಾಗ ಈ ಲೆಕ್ಕ ನಾಲ್ಕೈದು ಅಂಕ ಆಚೀಚೆ ಆಗುತ್ತದೆ. ಅದಲ್ಲದೆ ಅದರಲ್ಲಿ ರಾತ್ರಿಯ ಮಾತ್ರೆಯ ಪಾಲೂ ಇದೆ. ಅಟೊರ್ವಾಸ್ಟಾಟಿನ್ 20 ಸಾಮಾನ್ಯವಾಗಿ ಎಲ್‌ಡಿಎಲ್‌ಅನ್ನು ಶೇ. 40ರಷ್ಟು ಇಳಿಸುತ್ತದೆ. ಮಾತ್ರೆ ಇಲ್ಲದಿದ್ದರೆ ಅವರದು 70ರ ಹತ್ತಿರ ಇದ್ದೀತು. ಅದು ಯಾರೂ ಹೆದರುವ ಅಂಕೆಯಲ್ಲ.

ಹಾಗಾದರೆ ನಾನೇಕೆ ಗಾಬರಿಯಾದೆ?

ಮಿನಿ ಬೈಪಾಸಿನಲ್ಲಿ ಏನು ಮಾಡಿರುತ್ತಾರೆ ಎಂಬುದು ಮನೆಯವರಿಗೆ ಗೊತ್ತಿರಬೇಕು. 1997ರಲ್ಲಿ ಅಮೆರಿಕದ ಸರ್ಜನ್ ರಾಬರ್ಟ್ ರಟ್ಲೆಡ್ಜ್ ಶುರು ಮಾಡಿದ ಆಪರೇಷನ್ ಇದು. ಹೊಟ್ಟೆಯೊಳಗಿನ ಜಠರವನ್ನು ಉದ್ದಕ್ಕೆ ಕತ್ತರಿಸಿ ಸಣ್ಣ ಕೊಳವೆಯಂಥ ಚೀಲ ಮಾಡುತ್ತಾರೆ. ಸಣ್ಣ ಕರುಳಿನ ಮೊದಲ 150ರಿಂದ 200 ಸೆಂಟಿಮೀಟರ್ ಬಿಟ್ಟು, ಅದರ ಮುಂದಿನ ಭಾಗಕ್ಕೆ ಈ ಚೀಲವನ್ನು ಹೊಲಿಯುತ್ತಾರೆ. ಉಂಡದ್ದು ಬಿಟ್ಟ ಕರುಳನ್ನು ಕಾಣುವುದೇ ಇಲ್ಲ. ಪಿತ್ತರಸ ಮಾತ್ರ ಆ ದಾರಿಯಲ್ಲೇ ಹರಿದು ಬಂದು, ಹೊಲಿಗೆಯ ಜಾಗದಲ್ಲಿ ಊಟವನ್ನು ಸೇರುತ್ತದೆ. ಎಣ್ಣೆ ಸ್ನಾನದಲ್ಲಿ ಸೀಗೆಪುಡಿ ಜಿಡ್ಡು ಬಿಡಿಸುವ ಹಾಗೆ ಹೊಟ್ಟೆಯೊಳಗೆ ಜಿಡ್ಡು ಬಿಡಿಸುವುದು ಪಿತ್ತರಸ. ಅದು ಊಟವನ್ನು ತಡವಾಗಿ ಸೇರಿದರೆ ಜಿಡ್ಡು ಕರಗಿ ಮೈಗೆ ಹತ್ತಲು ಉಳಿಯುವ ಕರುಳು ಕಡಿಮೆ. ಹತ್ತದೆ ಉಳಿದ ಜಿಡ್ಡೇ ನೀವು ಸಂಡಾಸಿನಲ್ಲಿ ನೋಡುತ್ತಿರುವುದು.

ಕೊಲೆಸ್ಟ್ರಾಲ್ ಇಳಿಯುವುದಕ್ಕೂ ಇದೇ ಕಾರಣ. ಊಟ ಕಡಿಮೆ, ಹತ್ತುವ ಜಿಡ್ಡು ಕಡಿಮೆ. ಪಿತ್ತರಸವನ್ನು ಲಿವರ್ ತಯಾರು ಮಾಡುವುದು ಕೊಲೆಸ್ಟ್ರಾಲಿನಿಂದ. ಸಾಮಾನ್ಯವಾಗಿ ಅದರ ನೂರಕ್ಕೆ ತೊಂಬತ್ತೈದು ಪಾಲು ಸಣ್ಣ ಕರುಳಿನ ಕೊನೆಯಲ್ಲಿ ಮತ್ತೆ ಹೀರಿಕೊಂಡು ಲಿವರಿಗೇ ವಾಪಸಾಗುತ್ತದೆ. ಅದು ಹೆಚ್ಚು ಹೊರಗೆ ಹೋಗತೊಡಗಿದರೆ ಲಿವರ್ ರಕ್ತದಿಂದ ಎಲ್‌ಡಿಎಲ್ ಎಳೆದುಕೊಂಡು ಹೊಸದು ಮಾಡುತ್ತದೆ. ಇದನ್ನೇ ನಂಬಿ ಮಿನ್ನೆಸೊಟದ ಸರ್ಜನ್ ಹೆನ್ರಿ ಬುಕ್‌ವಾಲ್ಡ್ ತೂಕಕ್ಕಾಗಿ ಅಲ್ಲ, ಬರೀ ಕೊಲೆಸ್ಟ್ರಾಲಿಗಾಗಿ ಸಣ್ಣ ಕರುಳಿನ ಕೊನೆಯ ಭಾಗವನ್ನು ಬದಿಗಿಡುವ ಆಪರೇಷನ್ ಮಾಡಿದರು. ಒಮ್ಮೆ ಹೃದಯಾಘಾತವಾಗಿ ಬದುಕಿದ್ದ 838 ಜನರನ್ನು ಎರಡು ಪಾಲು ಮಾಡಿ ನೋಡಿದ ಫಲಿತಾಂಶ 1990ರಲ್ಲಿ ಬಂತು. ಆಪರೇಷನ್ ಆದವರ ಎಲ್‌ಡಿಎಲ್ ಉಳಿದವರಿಗಿಂತ ಶೇ. 38 ಕಡಿಮೆ ಇತ್ತು. ಆದರೆ ಆಪರೇಷನ್ ಆದವರು ಬದುಕಿರುವವರೆಗೂ ಬಿ12 ಇಂಜೆಕ್ಷನ್ ತೆಗೆದುಕೊಳ್ಳಬೇಕಿತ್ತು, ಯಾಕೆಂದರೆ ಬಿ12 ಹೀರುವುದೂ ಆ ಕೊನೆಯ ಭಾಗವೇ. ಕರುಳು ಒಂದನ್ನು ಮಾತ್ರ ಆರಿಸಿ ಬಿಡುವುದಿಲ್ಲ, ತಂಗೀ. ಕೊಲೆಸ್ಟ್ರಾಲ್ ಹೋದ ದಾರಿಯಲ್ಲೇ ಎ, ಡಿ, ಇ, ಕೆ ವಿಟಮಿನ್‌ಗಳೂ ಹೋಗುತ್ತವೆ. ಆ ನಾಲ್ಕೂ ಜಿಡ್ಡಿನಲ್ಲಿ ಕರಗಿಯೇ ಮೈಗೆ ಹತ್ತಬೇಕಾದವು.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೂ ಒಮ್ಮೆ ಕೈತಪ್ಪಿತು. ಕೆಲವು ವರ್ಷಗಳ ಹಿಂದೆ ಕಾರ್ಕಳ ಕಡೆಯವರೊಬ್ಬರು, ಇಂಥದ್ದೇ ಆಪರೇಷನ್ ಆದವರು, ಆರು ತಿಂಗಳಿಗೊಮ್ಮೆ ನನ್ನ ಹತ್ತಿರ ಬರುತ್ತಿದ್ದರು. ಒಂದು ಸಲ ಒಟ್ಟು ಕೊಲೆಸ್ಟ್ರಾಲ್ 89 ಬಂತು. ಮೊದಲು 260 ಇದ್ದವರು. ನನಗೆ ಖುಷಿಯಾಗಿ ಆ ಕಾಗದದ ಮೇಲೆ ಹಸಿರು ಶಾಯಿಯಲ್ಲಿ 'ತುಂಬಾ ಒಳ್ಳೆಯದು' ಎಂದು ಬರೆದೆ. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ, 'ಈಗೀಗ ಸಂಜೆಯಾದರೆ ಸ್ಟೇಷನ್ ಬ್ರಿಜ್ ಮೇಲೆ ನನ್ನ ಕೈ ಹಿಡಿದುಕೊಳ್ಳುತ್ತಾರೆ' ಎಂದರು. ಅವರು, 'ಕನ್ನಡಕ ಬದಲಾಯಿಸಬೇಕು' ಎಂದರು. ನಾನೂ ಹೌದೆಂದೆ. ಎರಡು ತಿಂಗಳ ಮೇಲೆ ಒಂದು ರಾತ್ರಿ ಆ ಬ್ರಿಜ್ಜಿನ ಕೊನೆಯ ಎರಡು ಮೆಟ್ಟಿಲು ಕಾಣದೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಕೈಗೆ ಪ್ಲಾಸ್ಟರ್ ಹಾಕಿದ ವೈದ್ಯರು ಕಣ್ಣಿನವರ ಹತ್ತಿರ ಕಳಿಸಿದರು. ಇರುಳುಗಣ್ಣು ಆಗಿತ್ತು. ವಿಟಮಿನ್ ಎ ತಳ ಮುಟ್ಟಿತ್ತು. ಔಷಧಿ ಕೊಟ್ಟ ಮೇಲೆ ಕೆಲವೇ ವಾರಗಳಲ್ಲಿ ದೃಷ್ಟಿ ಮರಳಿತು, ಅಷ್ಟು ಪುಣ್ಯ. ಆಮೇಲೆ ಅವರು ಅದೇ ಫೈಲ್ ಹಿಡಿದುಕೊಂಡು ಬಂದರು. ಪುಟ ತಿರುಗಿಸುವಾಗ ನನ್ನ ಹಸಿರು ಅಕ್ಷರ ಎದುರಿಗೆ ಬಂತು. ಅವರು ಏನೂ ಅನ್ನಲಿಲ್ಲ. ನಾನು ಕ್ಷಮೆ ಕೇಳಿದೆ.

ಆವತ್ತಿನಿಂದ, ಈ ಆಪರೇಷನ್ ಆದವರ ಕೊಲೆಸ್ಟ್ರಾಲ್ ಕಡಿಮೆ ಬಂದರೆ ಜೊತೆಗೆ ಇನ್ನೇನು ಇಳಿದಿದೆ ಎಂದು ಕೇಳದೆ ನಾನು ಕಾಗದ ಮಡಚುವುದಿಲ್ಲ. ನೀವೂ ಕೇಳಬೇಕು. ಸಂಜೆ ಗಲ್ಲಿಯಲ್ಲಿ ನಡೆಯುವಾಗ ತಡವರಿಸುತ್ತಾರೆಯೇ? ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುತ್ತದೆಯೇ, ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ? ಕಾಲು ಊದಿಕೊಳ್ಳುತ್ತದೆಯೇ? ಕಣಕಾಲಿನ ಮೇಲೆ ಬೆರಳಿನಿಂದ ಒತ್ತಿ ನೋಡಿ. ಗುಳಿ ಬಿದ್ದು ಹಾಗೇ ಉಳಿದರೆ ಪ್ರೋಟೀನ್ ಇಳಿದಿದೆ ಎಂಬ ಅನುಮಾನ ಬರಬೇಕು. ಆಗ ನನ್ನ ಉತ್ತರಕ್ಕೆ ಕಾಯದೆ ಆಪರೇಷನ್ ಮಾಡಿದವರ ಹತ್ತಿರವೇ ಓಡಿ. ಕೆಲವರಿಗೆ ಬದಿಗಿಟ್ಟ ಕರುಳಿನ ಸ್ವಲ್ಪ ಭಾಗವನ್ನು ಮತ್ತೆ ದಾರಿಗೆ ಸೇರಿಸುವ ಇನ್ನೊಂದು ಆಪರೇಷನ್ನೇ ಬೇಕಾಗುತ್ತದೆ.

ಪಾದ ಜುಮ್ಮೆನ್ನುವುದನ್ನು ಮುಂದಿನ ತಿಂಗಳಿಗೆ ದೂಡಬೇಡಿ. ಹಳೆಯ ಸಕ್ಕರೆ ಕಾಯಿಲೆಯಿಂದಲೂ ಹಾಗಾಗುತ್ತದೆ ನಿಜ. ಆದರೆ ಬೈಪಾಸ್ ಆಗಿದೆ, ಆರು ತಿಂಗಳಿಂದ ವಿಟಮಿನ್ ಮಾತ್ರೆ ಇಲ್ಲ, ಮೊದಲು ಸಕ್ಕರೆಗೆ ಮೆಟ್‌ಫಾರ್ಮಿನ್ ತಿನ್ನುತ್ತಿದ್ದರೆ ಅದೂ ಬಿ12 ಇಳಿಸುವಂಥದ್ದೇ. ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ. ಬಿ12 ಕೊರತೆ ಬಹಳ ದಿನ ಹಾಗೇ ಉಳಿದರೆ ನರಕ್ಕಾದ ಹಾನಿ ಪೂರ್ತಿ ಸರಿಹೋಗುವುದಿಲ್ಲ. ಈ ವಾರವೇ ಪರೀಕ್ಷೆ ಮಾಡಿಸಿ. ಒಂದು ಎಚ್ಚರಿಕೆ: ಅಂಗಡಿಯಿಂದ ಬರೀ ಫೋಲಿಕ್ ಆಸಿಡ್ ತಂದು ಕೊಡಬೇಡಿ. ಅದು ರಕ್ತಹೀನತೆಯನ್ನು ಮರೆಮಾಡುತ್ತದೆ, ನರ ಮಾತ್ರ ಒಳಗೊಳಗೇ ಕೆಡುತ್ತಾ ಹೋಗುತ್ತದೆ. ವಿಟಮಿನ್ ಎ ಕೂಡ ಅಂದಾಜಿನಲ್ಲಿ ನುಂಗುವುದಲ್ಲ, ಹೆಚ್ಚಾದರೆ ಲಿವರಿಗೆ ಪೆಟ್ಟು.

ರಕ್ತ ಕೊಡುವಾಗ ಈ ಚೀಟಿ ಹಿಡಿದುಕೊಂಡು ಹೋಗಿ: ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ಆಲ್ಬುಮಿನ್, ಕ್ಯಾಲ್ಸಿಯಂ, ವಿಟಮಿನ್ ಡಿ, ಪಿಟಿಎಚ್, ವಿಟಮಿನ್ ಎ ಮತ್ತು ಇ, ಸತು, ತಾಮ್ರ, ರಕ್ತ ಹೆಪ್ಪುಗಟ್ಟುವ ಪಿಟಿ-ಐಎನ್‌ಆರ್, ಲಿವರ್ ಪರೀಕ್ಷೆ, ಥೈರಾಯ್ಡಿನ ಟಿಎಸ್‌ಎಚ್, ಎಚ್‌ಬಿಎ1ಸಿ. ದುಡ್ಡು ಹೆಚ್ಚಾಯಿತು ಅನಿಸಿದರೆ ಬಿ12, ಆಲ್ಬುಮಿನ್, ಹಿಮೋಗ್ಲೋಬಿನ್, ವಿಟಮಿನ್ ಎ, ಪಿಟಿ-ಐಎನ್‌ಆರ್ ಮೊದಲು, ಉಳಿದದ್ದು ಮುಂದಿನ ತಿಂಗಳು. ಥೈರಾಯ್ಡ್ ಮತ್ತು ಲಿವರ್ ಯಾಕೆ ಸೇರಿಸಿದೆ ಎಂದರೆ, ಥೈರಾಯ್ಡ್ ಹೆಚ್ಚಾದರೂ, ಲಿವರ್ ಸೋತರೂ, ಒಳಗೆ ಕ್ಷಯ ಅಥವಾ ಇನ್ನೇನಾದರೂ ದೊಡ್ಡ ಕಾಯಿಲೆ ಇದ್ದರೂ ಕೊಲೆಸ್ಟ್ರಾಲ್ ಇಳಿಯುತ್ತದೆ. ಆಪರೇಷನ್ ಆಗಿದೆ ಎಂದು ಎಲ್ಲವನ್ನೂ ಅದರ ತಲೆಗೇ ಕಟ್ಟಬಾರದು. ವಿಟಮಿನ್ ಇ ಕಡಿಮೆ ಬಂದರೆ ಮಾತ್ರ ತಕ್ಷಣ ಗಾಬರಿ ಬೇಡ. ಅದು ಎಲ್‌ಡಿಎಲ್ ಜೊತೆಯಲ್ಲೇ ರಕ್ತದಲ್ಲಿ ಓಡಾಡುವುದರಿಂದ, ಎಲ್‌ಡಿಎಲ್ ಕಡಿಮೆ ಇದ್ದವರಲ್ಲಿ ಅದೂ ಕಡಿಮೆ ಕಾಣುತ್ತದೆ. ಕೊಲೆಸ್ಟ್ರಾಲಿನ ಜೊತೆ ಹೋಲಿಸಿ ಓದಬೇಕು.

ತುಪ್ಪದ ವಿಷಯ. ಅತ್ತೆಯವರ ಪ್ರೀತಿ ದೊಡ್ಡದು, ಅವರ ಮನಸ್ಸು ನೋಯಿಸಬೇಡಿ. ಗಂಜಿಗೆ ಅರ್ಧ ಚಮಚ ಪರಿಮಳಕ್ಕೆ ಹಾಕಿ. ಮೂರು ಚಮಚ ಹಾಕಿದರೆ ಹತ್ತದ ಜಿಡ್ಡು ಇನ್ನಷ್ಟು ಹೊರಗೆ ಹೋಗುತ್ತದೆ, ಹೋಗುವಾಗ ವಿಟಮಿನ್‌ಗಳನ್ನೂ ಎಳೆದುಕೊಂಡು ಹೋಗುತ್ತದೆ. ಅವರಿಗೆ ಈಗ ಬೇಕಾದದ್ದು ಪ್ರೋಟೀನ್, ದಿನಕ್ಕೆ 60ರಿಂದ 80 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಿಗುತ್ತದೆ, ನೂರು ಗ್ರಾಂ ಬಂಗುಡೆಯಲ್ಲಿ 19ರ ಹತ್ತಿರ, ನೂರು ಗ್ರಾಂ ಪನೀರಿನಲ್ಲಿ 18. ಒಂದು ಬಟ್ಟಲು ಬೇಯಿಸಿದ ಬೇಳೆಯಲ್ಲಿ ಆರೇಳು ಗ್ರಾಂ ಅಷ್ಟೇ, ಆದ್ದರಿಂದ ಬರೀ ತೊವ್ವೆ ನೆಚ್ಚಿದರೆ ಸಾಲದು. ತಟ್ಟೆಯಲ್ಲಿ ಮೊದಲು ಮೀನೋ ಮೊಟ್ಟೆಯೋ ಕಾಳಿನ ಪಲ್ಯವೋ ಮುಗಿಯಲಿ, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಬಂಗುಡೆಯನ್ನು ಹುರಿಯದೆ ಹುಳಿಮೆಣಸು ಹಾಕಿ ಪುಳಿಮುಂಚಿ ಮಾಡಿ. ಗಂಜಿಯೇ ಬೇಕೆಂದರೆ ಹೆಸರುಕಾಳು ಹಾಕಿ ಬೇಯಿಸಿ. ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ.

ಮಾತ್ರೆ ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ಅದನ್ನು ಯಾಕೆ ಶುರು ಮಾಡಿದ್ದರು ಎಂಬುದರ ಮೇಲೆ ಇದೆ. ಹೃದಯಾಘಾತ ಆಗಿದ್ದರೆ, ಸ್ಟೆಂಟ್ ಹಾಕಿದ್ದರೆ ನಿಲ್ಲಿಸುವ ಮಾತೇ ಇಲ್ಲ, 41 ಅಂಥವರಿಗೆ ಒಳ್ಳೆಯ ಅಂಕೆ. ಬರೀ ಸಕ್ಕರೆ ಇದೆಯೆಂದು ಮುಂಜಾಗ್ರತೆಗೆ ಕೊಟ್ಟಿದ್ದರೆ, ಕಡಿಮೆ ಮಾಡಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳುವುದು ನ್ಯಾಯ. ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಇಳಿದಿದ್ದರೂ ರಕ್ತನಾಳ ಹಳೆಯದನ್ನು ಮರೆತಿರುವುದಿಲ್ಲ.

ಈ ಪುಟವನ್ನು ನಿಮ್ಮವರ ಕೈಗೆ ಕೊಡಿ. ಅವರಿಗೆ ನಾನು ನೇರ ಹೇಳುವುದು ಇಷ್ಟು. ಅಣ್ಣಾ, ನಲವತ್ತಮೂರು ಕಿಲೋ ಇಳಿಸಿದ್ದೀರಿ, ಅದರ ಕಷ್ಟ ನನಗೆ ಗೊತ್ತು. ಆದರೆ ಬದಿಗಿಟ್ಟ ಕರುಳು ತಾನಾಗಿ ವಾಪಸು ಬರುವುದಿಲ್ಲ. ಆ ವಿಟಮಿನ್ ಮಾತ್ರೆಗಳು ಜ್ವರದ ಮಾತ್ರೆಯ ಹಾಗಲ್ಲ, ಬೈಪಾಸಿಗೆ ಸೇರಿದ ಊಟ ಅವು, ಬದುಕಿರುವವರೆಗೂ ಬೇಕು. ಕ್ಯಾಂಟೀನಿನ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಡಬ್ಬಿ ಇಟ್ಟುಕೊಳ್ಳಿ. ಕಬ್ಬಿಣದ ಮಾತ್ರೆ ಬೆಳಿಗ್ಗೆ, ಕ್ಯಾಲ್ಸಿಯಂ ಎರಡು ಗಂಟೆ ಬಿಟ್ಟು. ಚಹದ ಜೊತೆ ಕಬ್ಬಿಣ ನುಂಗಬೇಡಿ, ಹತ್ತುವುದಿಲ್ಲ. ಕ್ಯಾಲ್ಸಿಯಂ ತರುವಾಗ ಸಿಟ್ರೇಟ್ ಎಂದು ಕೇಳಿ ತನ್ನಿ, ಕಾರ್ಬೋನೇಟ್ ಕರಗಲು ಬೇಕಾದಷ್ಟು ಆಮ್ಲ ನಿಮ್ಮ ಈಗಿನ ಹೊಟ್ಟೆಯಲ್ಲಿಲ್ಲ.

ಪ್ರಶ್ನೆ: ನನಗೆ 41 ವರ್ಷ. ಎರಡು ವರ್ಷದ ಹಿಂದೆ ಸ್ಲೀವ್ ಆಪರೇಷನ್ ಆಗಿ 98 ಕಿಲೋ ಇದ್ದವಳು 70ಕ್ಕೆ ಬಂದೆ. ಟ್ರೈಗ್ಲಿಸರೈಡ್ 240ರಿಂದ 110ಕ್ಕೆ ಬಂತು, ಎಚ್‌ಡಿಎಲ್ 36 ಇದ್ದದ್ದು 49 ಆಯಿತು. ಆದರೆ ಎಲ್‌ಡಿಎಲ್ 152 ಇದ್ದದ್ದು 146ರಲ್ಲೇ ನಿಂತಿದೆ. ಬೈಪಾಸ್ ಮಾಡಿಸಿದ ನನ್ನ ನಾದಿನಿಗೆ 80 ಬಂದಿದೆ. ನನ್ನ ಆಪರೇಷನ್ ಸರಿಯಾಗಲಿಲ್ಲವೇ? ನನ್ನ ತಂದೆಗೆ 46ಕ್ಕೇ ಹೃದಯಾಘಾತವಾಗಿತ್ತು.
ಓದುಗರು, ಕೋಥ್‌ರೂಡ್, ಪುಣೆ

ಉತ್ತರ: ಸರಿಯಾಗಿಯೇ ಆಗಿದೆ. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಪಾಲು ತೆಗೆಯುತ್ತಾರೆ, ಕರುಳನ್ನು ಮುಟ್ಟುವುದಿಲ್ಲ. ಟ್ರೈಗ್ಲಿಸರೈಡ್ ಇಳಿಯುತ್ತದೆ, ಎಚ್‌ಡಿಎಲ್ ಏರುತ್ತದೆ, ಎರಡೂ ನಿಮಗೆ ಆಗಿದೆ. ಎಲ್‌ಡಿಎಲ್ ಮಾತ್ರ ಬೈಪಾಸ್‌ನಷ್ಟು ಇಳಿಯುವುದಿಲ್ಲ. ನಾದಿನಿಯ ಅಂಕೆಯ ಜೊತೆ ನಿಮ್ಮದನ್ನು ಇಟ್ಟು ನೋಡಬೇಡಿ, ಎರಡೂ ಬೇರೆ ಆಪರೇಷನ್.

ನನ್ನ ಕಣ್ಣು ನಿಂತದ್ದು ತಂದೆಯವರ 46ರ ಮೇಲೆ. 146 ಎಂಬ ಎಲ್‌ಡಿಎಲ್ ಒಂದನ್ನೇ ನೋಡಿ ವಂಶದ ಕೊಲೆಸ್ಟ್ರಾಲ್ ಕಾಯಿಲೆ ಎನ್ನಲಾಗದು, ಅದರಲ್ಲಿ ಸಾಮಾನ್ಯವಾಗಿ 190 ದಾಟಿರುತ್ತದೆ. ಆದರೆ ಅಷ್ಟು ಚಿಕ್ಕ ವಯಸ್ಸಿನ ಹೃದಯಾಘಾತ ಮನೆಯಲ್ಲಿದ್ದರೆ ನಿಮ್ಮ 146ಕ್ಕೆ ಬೇರೆಯವರ 146ಕ್ಕಿಂತ ಹೆಚ್ಚು ಬೆಲೆ. ಥೈರಾಯ್ಡ್ ಒಮ್ಮೆ ನೋಡಿಸಿ, ಅದು ಕಡಿಮೆಯಿದ್ದರೂ ಎಲ್‌ಡಿಎಲ್ ಮೇಲೇ ನಿಲ್ಲುತ್ತದೆ. ಸರಿಯಿದ್ದರೆ ಮಾತ್ರೆಯ ವಿಷಯವನ್ನು ಹೃದಯದ ವೈದ್ಯರ ಜೊತೆ ಕೂತು ಮಾತಾಡಿ. ಆಪರೇಷನ್ ಆದ ಮೇಲೂ ಮಾತ್ರೆ ಬೇಕಾಯಿತೆಂದು ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಅಣ್ಣ ತಮ್ಮಂದಿರಿದ್ದರೆ ಅವರೂ ರಕ್ತ ಕೊಡಲಿ.

ಪ್ರಶ್ನೆ: ಮಗನಿಗೆ 27 ವರ್ಷ. ಹತ್ತು ವಾರದ ಹಿಂದೆ ಸ್ಲೀವ್ ಆಗಿ 23 ಕಿಲೋ ಇಳಿದಿದ್ದಾನೆ. ಆದರೆ ಒಳ್ಳೆಯ ಕೊಲೆಸ್ಟ್ರಾಲ್ 40ರಿಂದ 31ಕ್ಕೆ ಬಿದ್ದಿದೆ. ಏನು ಕೊಡಲಿ?
ಒಬ್ಬ ತಾಯಿ, ವಾಸ್ಕೊ, ಗೋವಾ

ಉತ್ತರ: ಅದಕ್ಕಾಗಿ ಏನೂ ಕೊಡಬೇಡಿ ತಾಯಿ. ತೂಕ ಭರಭರನೆ ಇಳಿಯುವ ತಿಂಗಳುಗಳಲ್ಲಿ ಎಚ್‌ಡಿಎಲ್ ಇಳಿಯುವುದುಂಟು. ತೂಕ ಒಂದು ಕಡೆ ನಿಂತ ಮೇಲೆ ಏರುತ್ತದೆ. ಆರು ತಿಂಗಳು ತುಂಬಿದಾಗ ಒಮ್ಮೆ, ವರ್ಷ ತುಂಬಿದಾಗ ಒಮ್ಮೆ ನೋಡಿದರೆ ಸಾಕು. ಈಗ ಕಾಯಬೇಕಾದದ್ದು ಬೇರೆ ಇದೆ. ಬಲಗಡೆ ಪಕ್ಕೆಯ ಕೆಳಗೆ ಊಟವಾದ ಮೇಲೆ ನೋವು ಬಂದರೆ ಪಿತ್ತಕೋಶದ ಕಲ್ಲಿರಬಹುದು, ಬೇಗ ತೂಕ ಇಳಿದವರಲ್ಲಿ ಅದು ಸಾಮಾನ್ಯ. ಕಲ್ಲಾಗದಂತೆ ಆರು ತಿಂಗಳ ಮಾತ್ರೆ ಬರೆದಿದ್ದರೆ ತಪ್ಪಿಸಬೇಡಿ. ದಿನಾ ವಾಂತಿಯಾಗುತ್ತಿದ್ದರೆ, ನಡೆಯುವಾಗ ವಾಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಬಿ1 ಕೊರತೆ ಮೆದುಳಿಗೆ ತಟ್ಟಿರಬಹುದು. ಆಗ ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾವ ಆಪರೇಷನ್ ಆಗಿದೆ ಎಂಬ ಕಾಗದ ಕೈಯಲ್ಲಿರಲಿ. ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಬಿ1 ಇಂಜೆಕ್ಷನ್ ಕೊಡಬೇಕೇ ಎಂದು ಅಲ್ಲಿನ ವೈದ್ಯರನ್ನು ನೀವೇ ಬಾಯಿಬಿಟ್ಟು ಕೇಳಿ.